ಪುರಾವೆಗೆ ಬೇಕಾದ ಕಿವಿ

ಹಾಲಿನತ್ತೆಗೆ ಇದ್ದದ್ದು ಒಂದೇ ಹಸು. ನಸುಕಿನಲ್ಲೇ ಕರೆದು, ಬಸ್ ನಿಲ್ದಾಣದ ಟೀ ಅಂಗಡಿಗೂ ಹನ್ನೊಂದು ಮನೆಗಳಿಗೂ ಹಾಲು ಹಾಕಿ ಬಂದರೆ ಅವಳ ಮನೆಯ ಒಲೆ ಉರಿಯುತ್ತಿತ್ತು. ಗಂಡ ಬೆನ್ನು ಮುರಿದುಕೊಂಡು ಮಂಚ ಹಿಡಿದು ಆರು ವರ್ಷ. ಅವಳ ಬಾಯಿ ಜೋರು, ಆದರೆ ಹಾಲಿಗೆ ನೀರು ಬೆರೆಸಿದವಳಲ್ಲ. "ನೀರು ಬೇಕಾದ್ರೆ ನಲ್ಲೀಲಿ ಪುಕ್ಕಟೆ ಬರುತ್ತಲ್ಲ, ಅದಕ್ಕೆ ನಾನ್ಯಾಕೆ?" ಅನ್ನುತ್ತಿದ್ದಳು.

ಆ ವರ್ಷ ದನಗಳಿಗೆ ಗಂಟುರೋಗ ಬಂತು. ಮೈತುಂಬ ಗಂಟು, ಸುಡುವ ಜ್ವರ. ಹಸು ಮೂರನೆಯ ದಿನ ನೆಲ ಹಿಡಿಯಿತು, ಆರನೆಯ ದಿನ ಸತ್ತಿತು. ಪಶು ಆಸ್ಪತ್ರೆಯ ಕಾಂಪೌಂಡರ್ ಬಂದು, ದೂರದಲ್ಲೇ ನಿಂತು, "ಇವತ್ತೇ ಹೂಳಿಬಿಡಿ. ಆಳುದ್ದ ಗುಂಡಿ, ಮೇಲೆ ಸುಣ್ಣ" ಎಂದ. ಅವನು ಹೇಳಿದ ಹಾಗೇ ಅವಳು ಮಾಡಿದಳು. ಹಣೆ ಸವರಿ, ಅತ್ತು, ಇಡೀ ಹಸುವನ್ನು ಮಣ್ಣಿಗಿಟ್ಟಳು.

ವಾರದ ಮೇಲೆ ಸರ್ಕಾರ ತುರ್ತು ಪರಿಹಾರ ಘೋಷಿಸಿತು. ಅರ್ಧ ಊರಿನ ಕೊಟ್ಟಿಗೆ ಖಾಲಿಯಾದ ಮೇಲೆ ಬಂದ ತುರ್ತು ಅದು! ಆದರೂ ಆ ಹಣ ಕೈಗೆ ಬಂದರೆ ಇನ್ನೊಂದು ಹಸು. ಬಾರದಿದ್ದರೆ ಟೀ ಅಂಗಡಿಯವನು ಪ್ಯಾಕೆಟ್ ಹಾಲಿಗೆ ಹೋಗುತ್ತಾನೆ, ಅಲ್ಲಿಗೆ ಅವಳ ಕಸುಬು ಮುಗಿಯಿತು. ಅರ್ಜಿಗೆ ಶುಕ್ರವಾರವೇ ಕೊನೆ.

ಬುಧವಾರ ಬೆಳಗ್ಗೆ ಪಶು ಇಲಾಖೆ ಕಚೇರಿಯ ಗುಮಾಸ್ತ ಅರ್ಜಿ ತಿರುವಿ ಹಾಕಿ, "ಕಿವಿ ಎಲ್ಲಿ?" ಎಂದ.

"ಯಾರ ಕಿವಿ?"

"ಹಸೂದಮ್ಮಾ. ನಂಬರಿನ ಹಳದಿ ಓಲೆ ಇರುತ್ತಲ್ಲ, ಅದರ ಸಮೇತ ಕಿವಿ ಕತ್ತರಿಸಿ ತರಬೇಕು. ಇಲ್ಲಾಂದ್ರೆ ಸತ್ತಿದೆ ಅಂತ ನಂಬೋದು ಹೇಗೆ?"

"ಹೂಳೋಕೆ ಹೇಳಿದ್ದು ನಿಮ್ಮ ಕಾಂಪೌಂಡರೇ ಅಲ್ವೇನಪ್ಪಾ?"

"ಅದು ರೋಗದ ವಿಭಾಗ. ಇದು ಪರಿಹಾರದ ವಿಭಾಗ."

ಥೂ, ಇವರ ವಿಭಾಗಕ್ಕಿಷ್ಟು! ಹಾಲಿನ ಸಂಘದ ಕಾರ್ಯದರ್ಶಿಗೆ ಇದ್ದದ್ದು ನಾಲ್ಕು ಹಸು, ಅವನು ಏಳು ಹಸು ಸತ್ತವೆಂದು ಏಳು ಕಿವಿ ಒಪ್ಪಿಸಿದ್ದ. ಅದನ್ನು ಯಾರೂ ಕೇಳಲಿಲ್ಲ.

ಗುರುವಾರ ಮೈದುನನನ್ನು ಕರೆದುಕೊಂಡು ಗುಂಡಿ ಅಗೆದಳು. ಮೊಣಕಾಲಾಳ ಮಣ್ಣು ತೆಗೆಯುವಷ್ಟರಲ್ಲಿ ಅವನು ವಾಂತಿ ಮಾಡಿಕೊಂಡು ಮರದಡಿ ಕುಕ್ಕರಿಸಿದ. ಉಳಿದದ್ದನ್ನು ಅವಳೇ ಅಗೆದಳು. ಕರೆಯುವಾಗ ಹೆಗಲಿಗೆ ಮೂತಿ ಒರೆಸುತ್ತಿದ್ದ ಹಸು. ಈಗ ಮುಖವೆಂಬುದೇ ಉಳಿದಿರಲಿಲ್ಲ, ಹುಳು ಮಿಜಿಮಿಜಿ ಅನ್ನುತ್ತಿದ್ದವು. ಕುಡುಗೋಲು ಹಾಕುವುದೇ ಬೇಕಾಗಲಿಲ್ಲ, ಓಲೆ ಹಿಡಿದು ಎಳೆದರೆ ಕಿವಿ ಕಿತ್ತುಕೊಂಡೇ ಬಂತು. "ನನ್ನ ಕ್ಷಮಿಸಿಬಿಡೇ ತಾಯಿ" ಎಂದು ಮಣ್ಣು ಮುಚ್ಚಿದಳು. ಬಸ್ಸಿನಲ್ಲಿ ನಾರಬಾರದಲ್ಲ, ಬಿಗಿಯಾಗಿ ಮುಚ್ಚುವ ಪಾತ್ರೆ ಮನೆಯಲ್ಲಿ ಹಾಲಿನ ಕ್ಯಾನ್ ಒಂದೇ. ಅದರಲ್ಲೇ ಹಾಕಿದಳು.

ಶುಕ್ರವಾರ ಕಚೇರಿಯಲ್ಲಿ ಮುಚ್ಚಳ ತೆಗೆದದ್ದೇ ತಡ, ಸಾಲಿನಲ್ಲಿದ್ದವರೆಲ್ಲ ಮೂಗು ಹಿಡಿದು ಬಾಗಿಲಿಗೆ ಓಡಿದರು. ಗುಮಾಸ್ತ ಕರವಸ್ತ್ರ ಒತ್ತಿಕೊಂಡು, "ಅಯ್ಯಯ್ಯೋ, ಮುಚ್ಚಿ, ಮುಚ್ಚಿ! ಇದನ್ಯಾಕೆ ತಂದ್ರಿ?" ಎಂದು ಕೂಗಿದ.

"ನೀವೇ ತರೋಕೆ ಹೇಳಿದ್ದು!"

"ಬುಧವಾರ ಮಧ್ಯಾಹ್ನವೇ ಹೊಸ ಆದೇಶ ಬಂತಲ್ಲಮ್ಮಾ. ಓಲೆ ಹಾಕಿದಾಗ ಕಾಂಪೌಂಡರ್ ತೆಗೆದ ಫೋಟೋ ಇದ್ರೆ ಸಾಕು. ನಿಮ್ಮ ಹಸೂದು ನಮ್ಮ ಫೈಲಲ್ಲೇ ಇದೆ."

"ನನಗ್ಯಾರು ಹೇಳಿದ್ರು?"

"ಬೋರ್ಡಿಗೆ ಅಂಟಿಸಿದ್ದೀವಿ" ಎಂದು ಅರ್ಜಿಗೆ ಠಸ್ಸೆ ಒತ್ತಿದ. "ಅದನ್ನ ಹೊರಗೆಲ್ಲಾದ್ರೂ ಬಿಸಾಕಿ ಹೋಗಿ."

ಮನುಷ್ಯರಾ ಇವರು?

ಹಣ ಬಂತು, ಅದು ಸುಳ್ಳಲ್ಲ. ತಿಂಗಳೊಳಗೆ ಹಸುವೂ ಬಂತು. ಮೊದಲ ಬೆಳಗ್ಗೆ ಹೊಸ ಕ್ಯಾನಿನಲ್ಲಿ ಹಾಲು ತುಂಬಿಕೊಂಡು ಟೀ ಅಂಗಡಿಗೆ ಹೋದಳು. ಅಂಗಡಿಯವನು ಲೋಟ ತೊಳೆಯುತ್ತಾ, ತಲೆ ಎತ್ತದೆ, "ಬೇಡ ಅತ್ತೆ" ಎಂದ.

"ಕ್ಯಾನ್ ಹೊಸದು ಕಣೋ. ಹಳೇದನ್ನ ಅವತ್ತೇ ಎಸೆದೆ."

"ನನಗೆ ಗೊತ್ತು ಅತ್ತೆ. ಆದ್ರೆ ಅವತ್ತು ಸಾಲಲ್ಲಿ ನಿಂತಿದ್ದೋರೆಲ್ಲ ಇಲ್ಲಿಗೇ ತಾನೆ ಟೀಗೆ ಬರೋದು? ಹೇಸ್ಕೋತಾರೆ."

ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಹೊಸ ಹಸುವಿನ ಹಾಲನ್ನು ಬಾಯಿಗಿಡಲು ಅವಳಿಂದಲೂ ಆಗಿರಲಿಲ್ಲ.