ದನದ ಆಸ್ಪತ್ರೆ ಜಗುಲಿಯಲ್ಲಿ ಒಂದೇ ಸಾಲು

ಬೆಳಗಿನ ಆರು ಗಂಟೆ. ದೇವನೂರು ಹೋಬಳಿಯ ಒಂದು ಊರಿನಲ್ಲಿ ಹೇಮಾವತಿ ಏಳನೇ ಮನೆಯ ಮುಂದೆ ನಿಂತಿದ್ದಾರೆ. ಆಶಾ ಕಾರ್ಯಕರ್ತೆಯರ ಗುಲಾಬಿ ಸೀರೆ, ಕಂಕುಳಲ್ಲಿ ರಿಜಿಸ್ಟರ್, ಮೊಣಕಾಲಿಗೆ ಸುತ್ತಿದ ಬ್ಯಾಂಡೇಜು. ಒಳಗೆ ಬಾ ಎನ್ನುವವರಿಲ್ಲ, ಇವರೂ ಹೋಗುವವರಲ್ಲ. ಮೆಟ್ಟಿಲ ಕೆಳಗಿನಿಂದಲೇ ಕೂಗುತ್ತಾರೆ. "ಸಾವಿತ್ರಮ್ಮಾರೇ, ಇವತ್ತು ಗುರುವಾರ. ನಿಮ್ಮ ಮೊಮ್ಮಗೂಗೆ ಒಂಬತ್ತು ತಿಂಗಳು ತುಂಬ್ತು. ದಡಾರದ ಸೂಜಿ ಐತೆ, ಕಳುಸ್ರೀ."

ಅಂಗಳಕ್ಕೆ ನೀರು ಹಾಕುತ್ತಿದ್ದ ಸಾವಿತ್ರಮ್ಮ ತಲೆ ಎತ್ತುವುದಿಲ್ಲ. "ಅಂಗನವಾಡಿಗೆ ವಾಪಸ್ ತನ್ನಿ, ಹಾಕುಸ್ತೀವಿ. ದನದ ಆಸ್ಪತ್ರೇಲಿ ಮಕ್ಕಳಿಗೆ ಸೂಜಿ ಹಾಕೋದು ಎಲ್ಲಾದ್ರೂ ಉಂಟೇನೇ?"

"ಹತ್ತು ಗಂಟೆಗೆ ಸಿಸ್ಟರ್ ಬತ್ತಾರೆ," ಎಂದಷ್ಟೇ ಹೇಳಿ ಹೇಮಾವತಿ ಮುಂದಿನ ಮನೆಗೆ ನಡೆಯುತ್ತಾರೆ. ವಾದ ಮಾಡುವ ಶಕ್ತಿ ಯಾವತ್ತೋ ಮುಗಿದಿದೆ. ಇನ್ನೂರಹತ್ತು ಮನೆ, ಹದಿನಾಲ್ಕು ವರ್ಷ, ಒಂದೇ ಮಾತು. ಊರಿನ ಹೆಸರು ಬರೆಯಬೇಡಿ ಎಂದು ನನಗೆ ಮೊದಲೇ ಹೇಳಿದ್ದಾರೆ. "ನೀವು ಬರ್ದು ಹೋಗ್ತೀರ. ನಾಳೆ ಬೆಳಿಗ್ಗೆ ಇದೇ ಬಾಗ್ಲಿಗೆ ಬರೋಳು ನಾನಲ್ವ?"

ಇವತ್ತಿನ ಗುರುವಾರ ಮಾಮೂಲಿನದಲ್ಲ. ಲಸಿಕೆಯ ಜಾಗವನ್ನು ಮಠದ ಬೀದಿಯ ಅಂಗನವಾಡಿಗೇ ಮರಳಿಸಬೇಕೆಂದು ಊರಿನ ಕೆಲವರು ಅರ್ಜಿ ಕೊಟ್ಟಿದ್ದಾರೆ. ಊರೊಳಗಿನ ಹನ್ನೊಂದು ಮಕ್ಕಳಲ್ಲಿ ಆರು ಜನವಾದರೂ ಈ ತಿಂಗಳು ದನದ ಆಸ್ಪತ್ರೆಗೆ ಬಂದರೆ ಜಾಗ ಉಳಿಯುತ್ತದೆ, ಇಲ್ಲವಾದರೆ ಇಲ್ಲ ಎಂದು ಆರೋಗ್ಯ ಇಲಾಖೆಯ ಮೇಲಿನವರು ಹೇಳಿ ಆಗಿದೆ.

ಅಂಗನವಾಡಿಗೆ ಹೋದರೆ ಏನಾಗುತ್ತದೆ ಎಂಬುದು ಹೇಮಾವತಿಗೆ ಗೊತ್ತು. ಅವರು ಊರಾಚೆಯ ದಲಿತ ಕಾಲೋನಿಯ ಮಗಳು. ಅಲ್ಲಿ ಕಾಲೋನಿಯ ತಾಯಂದಿರು ಎದುರಿನ ಹುಣಸೆಮರದ ಕೆಳಗೆ ನಿಲ್ಲಬೇಕು. ಊರೊಳಗಿನವರದು ಮುಗಿದ ಮೇಲೆ ಅವರ ಪಾಳಿ. ಹೀಗೆಂದು ಯಾವ ಕಾಗದದಲ್ಲೂ ಬರೆದಿಲ್ಲ.

ಎಂಟು ವರ್ಷದ ಹಿಂದೆ ಒಂದು ದಿನ ಕಾಲೋನಿಯ ತಿಪ್ಪಮ್ಮ ಮೊಮ್ಮಗಳು ಪ್ರಜ್ಞಾಳನ್ನು ಎತ್ತಿಕೊಂಡು ಆ ಮರದ ಕೆಳಗೆ ನಿಂತಿದ್ದರು. ದಡಾರದ ಲಸಿಕೆಯನ್ನು ಒಮ್ಮೆ ಕಲಸಿದರೆ ನಾಲ್ಕು ಗಂಟೆಯೊಳಗೆ ಹಾಕಿ ಮುಗಿಸಬೇಕು. ಪಾಳಿ ಬರುವ ಹೊತ್ತಿಗೆ ಗಡುವು ಮುಗಿದಿತ್ತು. ಸಿಸ್ಟರ್ ಇನ್ನೊಂದು ಊರಿಗೆ ಹೊರಟಿದ್ದರು, ಮುಂದಿನ ತಿಂಗಳು ಬನ್ನಿ ಎಂದರು. ಮುಂದಿನ ತಿಂಗಳು ತಿಪ್ಪಮ್ಮನ ಮನೆಯವರೆಲ್ಲ ಚಿಕ್ಕಮಗಳೂರು ಕಡೆ ಕಾಫಿ ಹಣ್ಣು ಬಿಡಿಸಲು ಹೋಗಿದ್ದರು. ಅಲ್ಲೇ ಮಗುವಿಗೆ ದಡಾರ ಎದ್ದಿತು. ಕಿವಿ ಸೋರಿತು. ಇವತ್ತಿಗೂ ಪ್ರಜ್ಞಾಗೆ ಬಲಗಿವಿ ಕೇಳಿಸುವುದಿಲ್ಲ.

"ಯಾರನ್ನೂ ಬಯ್ಯಲ್ಲ ನಾನು," ಎನ್ನುತ್ತಾರೆ ಹೇಮಾವತಿ. "ಸ್ವಲ್ಪ ನಿಂತ್ಕೋ ಅತ್ತೆ, ಅವ್ರದ್ದು ಮುಗೀಲಿ ಅಂತ ತಿಪ್ಪಮ್ಮತ್ತೆಗೆ ಹೇಳಿದ್ದು ನಾನೇ. ಜಗಳ ಬ್ಯಾಡ ಅಂತ."

ಆಮೇಲೆ ಅವರು ಲಸಿಕೆಯನ್ನು ಕಾಲೋನಿಯ ಸಮುದಾಯ ಭವನಕ್ಕೆ ತಂದರು. ನಾಲ್ಕು ತಿಂಗಳು ಊರೊಳಗಿನಿಂದ ಒಂದು ಮಗುವೂ ಬರಲಿಲ್ಲ. ಅನುಕೂಲವಿದ್ದವರು ಬೀರೂರಿನ ಆಸ್ಪತ್ರೆಗೆ ಹೋದರು, ಉಳಿದವರು ಸುಮ್ಮನಾದರು. ಗೆದ್ದೆ ಎಂದು ಬೀಗಬಹುದಿತ್ತು. ಹೇಮಾವತಿಗೆ ನಿದ್ದೆ ಬರಲಿಲ್ಲ. "ಆ ಮಕ್ಕಳು ಏನ್ ಮಾಡಿದ್ವು, ಪಾಪ."

ದನಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕುವ ದಿನ ಅವರು ಪಶು ಆಸ್ಪತ್ರೆಯ ಮುಂದೆ ಹಾದು ಹೋಗುತ್ತಿದ್ದರಂತೆ. ಮಠದ ಬೀದಿಯ ಹಸು, ಅದರ ಹಿಂದೆ ಕಾಲೋನಿಯ ಎಮ್ಮೆ, ಅದರ ಹಿಂದೆ ಮತ್ತೆ ಮಠದ ಬೀದಿಯ ಹೋರಿ. ಹಗ್ಗ ಹಿಡಿದವರು ಮೈಗೆ ಮೈ ತಾಗಿಸಿ ನಿಂತು ಹಾಲಿನ ಡೈರಿಯವರನ್ನು ಬಯ್ಯುತ್ತಿದ್ದರು. ಇದನ್ನು ಕೇಳಿ ನನಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಹೇಮಾವತಿ ಎರಡಕ್ಕೂ ಹೋಗದೆ ದನದ ಡಾಕ್ಟರ ಹತ್ತಿರ ಹೋಗಿ ಜಗುಲಿ ಕೇಳಿದರು. ಪ್ರತಿ ಲಸಿಕೆಯ ದಿನ ತಾವೇ ಫಿನಾಯಿಲ್ ಹಾಕಿ ತೊಳೆಯುತ್ತಾರೆ. ಅಲ್ಲಿನ ಕಟ್ಟಳೆ ಒಂದೇ, ಬಂದವರು ಬಂದ ಹಾಗೆ.

ಹತ್ತಕ್ಕೆ ಸಿಸ್ಟರ್ ಯಶೋದಾ ಐಸ್ ಪೆಟ್ಟಿಗೆ ಇಳಿಸುತ್ತಾರೆ. ಹನ್ನೊಂದೂವರೆಗೆ ಊರೊಳಗಿನಿಂದ ಬಂದ ಮಕ್ಕಳು ಐದು. ಹೇಮಾವತಿ ಮತ್ತೊಂದು ಸುತ್ತು ಹೋಗಿ ಬರಿಗೈಲಿ ವಾಪಸಾಗಿ, ಗೋಡೆಗೆ ಒರಗಿ ಕೂತು ಮೊಣಕಾಲು ನೀವಿಕೊಳ್ಳುತ್ತಾರೆ. ಸಾಲಿನ ಕೊನೆಗೆ ತಿಪ್ಪಮ್ಮ ನಿಂತಿದ್ದಾರೆ, ಕೈಯಲ್ಲಿ ಒಂಬತ್ತು ತಿಂಗಳ ಮೊಮ್ಮಗ. ಅವನು ಪ್ರಜ್ಞಾಳ ತಮ್ಮ. ದಸರಾ ರಜೆಯಾದ್ದರಿಂದ ಪ್ರಜ್ಞಾಳೂ ಬಂದಿದ್ದಾಳೆ, ಎಡಗಿವಿಯನ್ನು ಜನರ ಕಡೆ ತಿರುಗಿಸಿಕೊಂಡು ನಿಂತಿದ್ದಾಳೆ.

ಆಗ ಗೇಟಿನಲ್ಲಿ ಒಂದು ಕರು ಕಾಣಿಸುತ್ತದೆ. ಹಗ್ಗ ಹಿಡಿದವರು ಸಾವಿತ್ರಮ್ಮ, ಹಿಂದೆ ಮಗುವನ್ನು ಎತ್ತಿಕೊಂಡ ಸೊಸೆ ದೀಪಶ್ರೀ. "ಕರು ಹೊಟ್ಟೆ ಉಬ್ಬರಿಸ್ಕೊಂಡೈತೆ, ತೋರ್ಸೋಕೆ ಬಂದೆ," ಎಂದು ಸಾವಿತ್ರಮ್ಮ ಯಾರನ್ನೂ ನೋಡದೆ ಹೇಳುತ್ತಾರೆ. "ಹೆಂಗೂ ಬಂದಿದೀವಲ್ಲ, ಮಗೂಗೂ ಹಾಕ್ಸಿದ್ರಾಯ್ತು." ಕರು ಆರಾಮವಾಗಿ ಬೇಲಿಯ ಸೊಪ್ಪು ಮೇಯುತ್ತಿದೆ.

ಹಳೆಯ ರೂಢಿಯಂತೆ ತಿಪ್ಪಮ್ಮ ಪಕ್ಕಕ್ಕೆ ಸರಿಯುತ್ತಾರೆ. "ನೀವು ಹೋಗ್ರವ್ವ ಮುಂದೆ."

ಹೇಮಾವತಿ ಗೋಡೆ ಬಿಟ್ಟು ಎದ್ದು ಅವರ ಹೆಗಲ ಮೇಲೆ ಕೈ ಇಡುತ್ತಾರೆ. "ಸರೀಬ್ಯಾಡ ಅತ್ತೆ. ಅಲ್ಲೇ ನಿಂತ್ಕೋ."

ಸಾವಿತ್ರಮ್ಮ ಕರುವಿನ ಕಡೆ ನೋಡುತ್ತಾರೆ, ಸೊಸೆ ಅತ್ತೆಯ ಕಡೆ. ಆಮೇಲೆ ದೀಪಶ್ರೀ ತಿಪ್ಪಮ್ಮನ ಹಿಂದೆ ಹೋಗಿ ನಿಲ್ಲುತ್ತಾರೆ. ಮೊದಲು ಪ್ರಜ್ಞಾಳ ತಮ್ಮ ಅಳುತ್ತಾನೆ, ನಂತರ ಸಾವಿತ್ರಮ್ಮನ ಮೊಮ್ಮಗು. ಇಬ್ಬರದೂ ಒಂದೇ ಬಾಟಲಿಯ ಲಸಿಕೆ.

ರಿಜಿಸ್ಟರಿನಲ್ಲಿ ಆರನೆಯ ಹೆಸರು ಬರೆಯುವಾಗ ಹೇಮಾವತಿಯ ಮುಖದಲ್ಲಿ ಸಂತೋಷ ಹುಡುಕಿದೆ. ಸುಸ್ತು ಮಾತ್ರ ಕಂಡಿತು. ಸಾವಿತ್ರಮ್ಮ ಡಾಕ್ಟರಿಗೆ ತೋರಿಸದೆಯೇ ಕರು ಎಳೆದುಕೊಂಡು ಹೊರಟಿದ್ದರು. ಇನ್ನೇನು ಆಸೆ ಇದೆ ನಿಮಗೆ ಎಂದು ಕೇಳಿದೆ.

ಅವರು ಗೇಟಿನ ಕಡೆ ನೋಡಿದರು. "ಎರಡನೇ ಡೋಸ್‌ಗೆ ಇನ್ನೂ ಏಳು ತಿಂಗ್ಳೈತೆ. ಆವಾಗ ಕರು ಇಲ್ದೇ ಬಂದ್ರೆ ಸಾಕು ಕಣ್ರೀ."