ಒಂದೇ ಸೀಟಿನ ಸವತಿ

ನಮ್ಮ ಮನೆಯವರ ಬಲಗೈ ಹೆಬ್ಬೆರಳು ಸೊಟ್ಟಗಿತ್ತು. ಗಾಡಿ ಶುರು ಮಾಡಲು ಮುಂದಿನ ಹ್ಯಾಂಡಲ್ ತಿರುವುವಾಗ ಅದು ಹಿಂದಕ್ಕೆ ಒದ್ದು ಎಲುಬು ಮುರಿದಿತ್ತು. ಚಹಾದಲ್ಲಿ ಸಕ್ಕರೆ ಕಡಿಮೆಯಾದರೆ ಮಧ್ಯಾಹ್ನದವರೆಗೂ ಗೊಣಗುವ ಮನುಷ್ಯ, ಆ ಗಾಡಿಗೆ ಮಾತ್ರ ಒಂದು ಮಾತೂ ಬೈಯಲಿಲ್ಲ. "ಪಾಪ, ಅದರದೇನ ತಪ್ಪ? ನಾನ ಸರಿ ಹಿಡದಿರಲಿಲ್ಲ" ಎಂದರು. ನನ್ನ ಹೊಟ್ಟೆ ಉರಿಯಿತು.

ಗಾಡಿ ಅವರ ಅಜ್ಜನದು. ಕಾರುಗಳು ಸಾಮಾನ್ಯ ಜನರ ಕೈಗೂ ಎಟುಕತೊಡಗಿದ ಕಾಲದ, ಸುಮಾರು ನೂರು ವರ್ಷದ ಹಿಂದಿನ ಅಗ್ಗದ ಕಾರು. ನಿಪ್ಪಾಣಿಯ ನಮ್ಮ ತಂಬಾಕಿನ ಗೋದಾಮಿನಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಅಂಥ ಕಾರುಗಳ ಮೈ ಕಿತ್ತುಹಾಕಿ, ಅಡಿಯ ಚೌಕಟ್ಟು, ಎಂಜಿನ್ ಅಷ್ಟೇ ಉಳಿಸಿಕೊಂಡು ಒಂದೇ ಸೀಟಿನ ರೇಸ್ ಕಾರು ಮಾಡುತ್ತಿದ್ದರೆಂದು ಇವರು ಎಲ್ಲೋ ಓದಿದ್ದೇ ತಡ, ಹುಚ್ಚು ಹಿಡಿಯಿತು. ಕುಡಚಿಯಿಂದ ತಗಡಿನ ಕೆಲಸದವರನ್ನು ಕರೆಸಿ ಉದ್ದನೆಯ ಹೊಸ ಮೈ ಮಾಡಿಸಿದರು. ನನ್ನ ಸೀರೆ ಯಾವ ಬಣ್ಣದ್ದೆಂದು ಒಮ್ಮೆಯೂ ನೋಡದವರು, ಅದಕ್ಕೆ ಬಳಿಯುವ ಕೆಂಪು ಬಣ್ಣಕ್ಕಾಗಿ ಕೊಲ್ಹಾಪುರಕ್ಕೆ ಹೋಗಿಬಂದರು.

ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಇವರು ಗಾಡಿಯ ಕೆಳಗೆ ಮಲಗಿ ಹೊತ್ತು ಮರೆಯುತ್ತಿದ್ದರು. ಕತ್ತಲಾದ ಮೇಲೆ ಬಂದು, ತಾಟು ಮುಟ್ಟದೆ, ಹಸಿದ ಹೊಟ್ಟೆಯಲ್ಲೇ ನಗುನಗುತ್ತ ಹಾಸಿಗೆ ಸೇರುತ್ತಿದ್ದರು. ಅವರಿಗಾಗಿ ಕಾದ ನನಗೂ ಉಪವಾಸ. ನನ್ನ ಉಪವಾಸದಲ್ಲಿ ಪುಣ್ಯವೇನೂ ಇರಲಿಲ್ಲ, ಬರೀ ಸಿಟ್ಟು.

ಗಾಡಿ ಪೂಜೆಗೆ ಬೀಗರೆಲ್ಲ ಬಂದಿದ್ದರು. ಹೊಸ ಗಾಡಿಯಲ್ಲಿ ಮೊದಲು ಗಂಡ ಹೆಂಡತಿ ಕೂಡಿ ಒಂದು ಸುತ್ತು ಹೋಗಿಬರುವುದು ನಮ್ಮ ಮನೆಯ ರೂಢಿ. ರೇಷ್ಮೆ ಸೀರೆ ಉಟ್ಟು ನಿಂತಿದ್ದೆ.

"ನಾ ಎಲ್ಲಿ ಕುಂದ್ರಲಿರಿ?"

"ನೀ ಎಲ್ಲಿ ಕುಂದರ್ತಿ? ರೇಸಿನ ಗಾಡಿ ಐತಿ ಇದು. ತೂಕ ಹೆಚ್ಚಾದ್ರ ಓಡಂಗಿಲ್ಲ!"

ಎಲ್ಲರೂ ನಕ್ಕರು. ಇವರು ಚಿಕ್ಕೋಡಿ ರಸ್ತೆ ಹಿಡಿದು ಹೊರಟೇಬಿಟ್ಟರು. ಆರತಿ ತಾಟು ಹಿಡಿದು ಹೊಗೆ ಕುಡಿಯುತ್ತ ನಿಂತ ನಾನು, ಆ ಸೀಟಿನಲ್ಲಿ ಕೂತೇ ತೀರಬೇಕೆಂದು ಅಂದೇ ಹಟ ತೊಟ್ಟೆ.

ನನ್ನ ಕಾಟ ತಾಳಲಾರದೆ ಕಡೆಗೂ ನನ್ನನ್ನು ಸೀಟಿನಲ್ಲಿ ಕೂರಿಸಿ, ತಾವು ಪಕ್ಕದಲ್ಲಿ ನಡೆಯುತ್ತ ಕಲಿಸಿದರು. ಆ ಕಾರಿನ ರೀತಿಯೇ ಬೇರೆ. ವೇಗ ಹೆಚ್ಚಿಸುವುದು ಕೈಯಿಂದ, ಗೇರು ಹಾಕುವುದು ಕಾಲಿನಿಂದ; ಬೇರೆ ಕಾರುಗಳಲ್ಲಿ ವೇಗದ ಪೆಡಲ್ ಇರುವಲ್ಲಿ ಇದಕ್ಕೆ ಬ್ರೇಕ್. ದಿನಾ ಕಾರು ಓಡಿಸುವ ನನ್ನ ಮೈದುನ ಅದನ್ನು ಹತ್ತಿದರೆ, ವೇಗ ಹೆಚ್ಚಿಸಲು ಹೋಗಿ ಬ್ರೇಕ್ ಒತ್ತಿಬಿಡುತ್ತಿದ್ದ. ಬೇರೆ ಯಾವ ಕಾರನ್ನೂ ಓಡಿಸಿರದ ನನಗೆ ಮರೆಯಬೇಕಾದ್ದು ಏನೂ ಇರಲಿಲ್ಲ, ಬೇಗ ರೂಢಿಯಾಯಿತು. ಒಂದು ಬೆಳಿಗ್ಗೆ ಒಬ್ಬಳೇ ಹೊರಟೆ. "ಸಾಕ, ತಿರುಗಿಸು!" ಎಂದು ಹಿಂದಿನಿಂದ ಕೂಗಿದರು. ಕೇಳಿಸಿತು, ತಿರುಗಿಸಲಿಲ್ಲ. ಕಬ್ಬಿನ ಹೊಲಗಳೆಲ್ಲ ಮುಗಿಯುವ ತನಕ ಹೋಗಿ ಬಂದೆ. ಅವರು ರಸ್ತೆಯ ಬದಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು.

"ನನ್ನ ಬಿಟ್ಟ ಅಷ್ಟ ದೂರ ಹೋಗೂದೇನ? ನಿನ್ನ ಮಾತ ಭಾಳ ಚಲೋ ಕೇಳತೈತಲ್ಲ ಅದು."

ನೋಡಿದರೆ, ಅವರ ಕಣ್ಣಲ್ಲಿ ನನ್ನದೇ ಹೊಟ್ಟೆಕಿಚ್ಚು! ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಈಗ ಮೈದುನ ಗಾಡಿ ಶುರು ಮಾಡಿಕೊಡುತ್ತಾನೆ, ನಾನು ಓಡಿಸುತ್ತೇನೆ. ಜನ ನಿಂತು ನೋಡುತ್ತಾರೆ, ಕೈ ಬೀಸುತ್ತಾರೆ. ಎಷ್ಟು ದೂರ ಹೋಗಿಬಂದರೂ ಹೊಟ್ಟೆಕಿಚ್ಚು ಪಡುವವರು ಯಾರೂ ಇಲ್ಲ.