ಬಸದಿಯಲ್ಲಿ ಬಾಯಿಪಾಠವಾದ ಪ್ರಶ್ನೆಗಳು

ಹುಕ್ಕೇರಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಭರತೇಶ ಮಾಸ್ತರರು ಹುಡುಗರಾಗಿದ್ದಾಗ, ಜೈನರು ಹೊತ್ತು ಮುಳುಗಿದ ಮೇಲೆ ಏಕೆ ಉಣ್ಣಬಾರದು ಎಂದು ತಂದೆಯನ್ನು ಕೇಳಿದ್ದರು. ಮುಳುಗುವುದರೊಳಗೆ ಸುಮ್ಮನೆ ಉಣ್ಣು ಎಂಬಷ್ಟೇ ಉತ್ತರ ಸಿಕ್ಕಿತ್ತು. ತಲೆ ನರೆಯತೊಡಗಿದರೂ ಆ ಬೇಸರ ಹೋಗಲಿಲ್ಲ. 1998ರ ಬೇಸಿಗೆ ರಜೆಯಲ್ಲಿ ಹೈಸ್ಕೂಲು ಮಕ್ಕಳಿಗೆಂದೇ ಒಂದು ಸಣ್ಣ ಪುಸ್ತಕ ಬರೆದರು. ದೇವರು, ಉಪವಾಸ, ಪುಣ್ಯದ ಬಗ್ಗೆ ಬರೀ ಪ್ರಶ್ನೆಗಳು. ಓದಿದವರೇ ಹುಡುಕಿಕೊಳ್ಳಲಿ ಎಂದು ಒಂದಕ್ಕೂ ಉತ್ತರ ಬರೆಯಲಿಲ್ಲ. ಗೋಕಾಕದಲ್ಲಿ ಅಚ್ಚು ಹಾಕಿಸಿ ತಂದ ಪ್ರತಿಗಳು ಕೊಳ್ಳುವವರಿಲ್ಲದೆ ಮನೆಯ ಅಟ್ಟ ಸೇರಿದವು.

ಅವನ್ನು ಕೆಳಗಿಳಿಸಿದ್ದು ಬಸದಿಯ ಕಮಿಟಿ. ನಮ್ಮವರೇ ಒಬ್ಬರು ಧರ್ಮದ ಮೇಲೆ ಪುಸ್ತಕ ಬರೆದಿದ್ದಾರೆಂದು ಅಧ್ಯಕ್ಷರಿಗೆ ಹೆಮ್ಮೆಯಾಯಿತು. ತಮ್ಮ ಬಟ್ಟೆ ಅಂಗಡಿಯ ಗದ್ದಲದಲ್ಲಿ ಅದನ್ನು ಓದಲು ಮಾತ್ರ ಪುರುಸೊತ್ತಾಗಲಿಲ್ಲ. ದಶಲಕ್ಷಣ ಪರ್ವಕ್ಕೆ ಮಕ್ಕಳ ಕಂಠಪಾಠ ಸ್ಪರ್ಧೆ ಇಡುವುದು, ಇದೇ ಪುಸ್ತಕ ಬಾಯಿಪಾಠ ಮಾಡಿಸುವುದು, ಬರೆದವರೇ ತೀರ್ಪುಗಾರರು ಎಂದು ಠರಾವಾಯಿತು. ಪ್ರಶ್ನೆ ಬಾಯಿಪಾಠ ಮಾಡುವಂಥದ್ದಲ್ಲ ಎಂದರು ಮಾಸ್ತರರು. ಅಧ್ಯಕ್ಷರು ಅದನ್ನು ವಿನಯವೆಂದು ತಿಳಿದು ಇನ್ನಷ್ಟು ಮೆಚ್ಚಿಕೊಂಡರು. ಅಟ್ಟ ಖಾಲಿಯಾಗುತ್ತಿದ್ದುದರಿಂದ ಮಾಸ್ತರರೂ ಹೆಚ್ಚು ಹಟ ಹಿಡಿಯಲಿಲ್ಲ.

ಸ್ಪರ್ಧೆಯಲ್ಲಿ ಅಧ್ಯಕ್ಷರ ಮಗ ಶ್ರೇಯಸ ಕಣ್ಣು ಮುಚ್ಚಿ, ಕೈ ಜೋಡಿಸಿ, ಸ್ತೋತ್ರ ಹೇಳಿದಂತೆ ಅಷ್ಟೂ ಪ್ರಶ್ನೆಗಳನ್ನು ಹೇಳಿ ಮುಗಿಸಿದ. ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ಎದ್ದವಳು ಒಂಬತ್ತನೆಯ ಇಯತ್ತೆಯ ಭಕ್ತಿ. ತೀರ್ಥಂಕರರು ಏನನ್ನೂ ಕೊಡುವುದಿಲ್ಲವೆಂದ ಮೇಲೆ ನಾವು ಬೇಡಿಕೊಳ್ಳುವುದು ಯಾರನ್ನು ಎಂಬ ಪ್ರಶ್ನೆ ಹೇಳಿದವಳೇ ನಿಂತುಬಿಟ್ಟಳು.

"ಮರತಿ ಏನವ್ವಾ?" ಎಂದರು ಮಾಸ್ತರರು.

"ಇಲ್ರಿ ಸರ್, ನೆನಪೈತ್ರಿ. ಅಜ್ಜಿ ಜಡ್ಡಿನಾಗ ಬಿದ್ದಾಗ ನಾ ಇಲ್ಲೇ ನಿಂತು ಬೇಡ್ಕೊಂಡಿದ್ನಿರಿ. ಆಕಿ ಆರಾಮ ಆದ್ಲು. ಹಂಗಾರ ಕೇಳಿಸ್ಕೊಂಡವ್ರು ಯಾರ್ರಿ?"

ಮಾಸ್ತರರು ಪುಸ್ತಕ ಬರೆದದ್ದೇ ಇಂಥದೊಂದು ಮಾತಿಗಾಗಿ. ಆದರೆ ಅಧ್ಯಕ್ಷರು ಅವರ ಮುಖವನ್ನೇ ನೋಡುತ್ತಿದ್ದರು. ಹೇಳುತ್ತ ನಡುವೆ ನಿಂತವರಿಗೆ ಅಂಕವಿಲ್ಲ ಎಂಬ ನಿಯಮವೂ ಇತ್ತು.

"ಕುಂದ್ರವ್ವಾ," ಎಂದರು ಮಾಸ್ತರರು.

ಶ್ರೇಯಸನಿಗೆ ಬೆಳ್ಳಿ ಲೋಟ ಬಂತು, ಮಾಸ್ತರರಿಗೆ ಶಾಲು.

ಮನೆಯಲ್ಲಿ ಹೆಂಡತಿ ಜಿನ್ನವ್ವ ಶಾಲನ್ನು ಮುಟ್ಟಲಿಲ್ಲ. ಆ ಹುಡುಗಿ ಕೇಳಿದ್ದನ್ನು ತಾನೂ ಬಹಳ ವರ್ಷಗಳಿಂದ ಕೇಳಬೇಕೆಂದಿದ್ದೆ, ಕೇಳಿದರೆ ಏನಾಗುತ್ತದೆಂದು ಇವತ್ತು ತಿಳಿಯಿತು ಎಂದಳು. ಮರುದಿನ ಮಾಸ್ತರರು ಭಕ್ತಿಯ ಮನೆಗೆ ಹೋಗಿ, ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ ಎಂದರು.

ಭಕ್ತಿ ಕೇಳಿದಳು: "ಪುಸ್ತಕದಾಗ ಗೊತ್ತಿಲ್ಲಂತ ಉತ್ತರಾ ಬರೀಲಿಲ್ಲೇನ್ರಿ ಸರ್, ಅಂಜಿ ಬರೀಲಿಲ್ಲೇನ್ರಿ?"

"ಅಂಜಿಕಿನೂ ಇತ್ತವ್ವಾ," ಎಂದರು ಮಾಸ್ತರರು. ಹಾಗೆ ಹೇಳಿದ ಮೇಲೆ ಮೈ ಹಗುರಾಯಿತು.

ಮುಂದಿನ ವರ್ಷ ಕಮಿಟಿ ಪುಸ್ತಕಕ್ಕೆ ಉತ್ತರ ಸೇರಿಸಿಕೊಡಿ ಎಂದಿತು. ಅವರು ಒಲ್ಲೆನೆಂದಾಗ ಬೇರೆಯವರಿಂದ ಉತ್ತರ ಬರೆಸಿ, ಮೊದಲ ಪುಟದಲ್ಲಿ ಮಾಸ್ತರರಿಗೇ ಕೃತಜ್ಞತೆ ಹೇಳಿತು. ಅಷ್ಟರಲ್ಲಿ ಭಕ್ತಿ ತನ್ನ ಗೆಳತಿ ರೂಪಾಲಿಯನ್ನು ಕರೆದುಕೊಂಡು ರವಿವಾರ ರವಿವಾರ ಆ ಪ್ರಶ್ನೆಗಳ ಮೇಲೆ ವಾದ ಮಾಡಲು ಮಾಸ್ತರರ ಮನೆಗೆ ಬರತೊಡಗಿದ್ದಳು. ರೂಪಾಲಿ ಬಸದಿಗೆ ಹೋಗುವುದನ್ನು ಬಿಟ್ಟಳು. ಭಕ್ತಿ ಬಿಡಲಿಲ್ಲ. ಜಿನ್ನವ್ವ ಇಬ್ಬರಿಗೂ ಹಚ್ಚಿದ ಅವಲಕ್ಕಿ ಕೊಟ್ಟು ತಾನೂ ವಾದಕ್ಕೆ ಕುಳಿತಳೆಂದರೆ, ಮಾಸ್ತರರಿಗೆ ಬಾಯಿ ತೆರೆಯಲು ಸಂದು ಸಿಗುತ್ತಿರಲಿಲ್ಲ.